ಬೆನ್ನ ಹಿಂದಿನ ಬೂದು ಬಟ್ಟೆ

ನಾನು ಬೂದು ಬಣ್ಣದ ಒಂದು ದಪ್ಪ ಬಟ್ಟೆ. ಸೀರೆಯಲ್ಲ, ಧೋತರವಲ್ಲ, ಹಾಸುವ ಜಮಖಾನೆಯೂ ಅಲ್ಲ. ಬೆಟಗೇರಿಯ ಕೈಮಗ್ಗದ ಮೇಲೆ ಹುಟ್ಟಿದೆ. ಯಾರೋ ಕಿಟಕಿಯ ಪರದೆಗೆಂದು ಹೇಳಿ ನೇಯಿಸಿದರು. ಬಣ್ಣ ನೋಡಿ ಮುಖ ಸಿಂಡರಿಸಿ ಬಿಟ್ಟುಹೋದರು. ಅಂಗಡಿಯ ಮೇಲಿನ ಕಪಾಟಿನಲ್ಲಿ ಕುಳಿತು, ಕೆಳಗೆ ಕೆಂಪು ಸೀರೆಗಳು ನಗುನಗುತ್ತ ಮಾರಾಟವಾಗುವುದನ್ನು ನೋಡುತ್ತ ನನ್ನ ಹಣೆಬರಹವನ್ನು ಹಳಿದುಕೊಳ್ಳುತ್ತಿದ್ದೆ.

ಒಂದು ದಿನ ಧಾರವಾಡದ ವಿಶಾಲಾಕ್ಷಿ ಅಂಗಡಿಗೆ ಬಂದಳು. ಕುತ್ತಿಗೆಯಲ್ಲಿ ಕ್ಯಾಮೆರಾ ಇತ್ತು. ಅಂಗಡಿಯವನು ಏನೇನೋ ತೋರಿಸಿದ. ಅವಳು, "ಅಣ್ಣಾರ, ಕಣ್ಣಿಗೆ ಬೀಳದಂಥಾದ್ದು ಒಂದು ಕೊಡ್ರಿ" ಅಂದಳು. ಅವನು ನಕ್ಕು ನನ್ನನ್ನು ಕೆಳಗೆಳೆದ. ಅವಮಾನವಾಯಿತು, ಸುಳ್ಳೇಕೆ ಹೇಳಲಿ. ಆದರೂ ಆ ಕಪಾಟಿನಿಂದ ಬಿಡುಗಡೆಯಾಯಿತಲ್ಲ ಎಂದು ಹಿಗ್ಗಿದೆ.

ನಮ್ಮ ಸೀಮೆಯಲ್ಲಿ ಬೇರೆ ಬೇರೆ ಮಾತು, ಬೇರೆ ಬೇರೆ ಉಡುಗೆಯ ಎಷ್ಟು ಬಗೆಯ ಜನರಿದ್ದಾರೋ ಅವರೆಲ್ಲರನ್ನೂ ಒಂದೇ ಬಟ್ಟೆಯ ಮುಂದೆ ಕೂರಿಸಿ ಫೋಟೋ ತೆಗೆಯಬೇಕು ಎಂಬುದು ವಿಶಾಲಾಕ್ಷಿಯ ಹಟ. ಹಿಂದೆ ಗುಡಿಸಲು ಕಂಡರೆ ನೋಡುವವರು 'ಬಡವರು' ಅಂದುಬಿಡುತ್ತಾರೆ, ಗಿಡಮರ ಕಂಡರೆ 'ಕಾಡಿನವರು' ಅನ್ನುತ್ತಾರೆ, ಏನೂ ಕಾಣದಿದ್ದರೆ ಮನುಷ್ಯರನ್ನು ನೋಡುತ್ತಾರೆ ಎನ್ನುತ್ತಿದ್ದಳು. ಆ 'ಏನೂ ಇಲ್ಲದ್ದು' ನಾನು.

ಅವಳ ಹತ್ತಿರ ಕಂಬ, ಕೋಲು ಇರಲಿಲ್ಲ. ಊರಿನವರೇ ಇಬ್ಬರು ನನ್ನ ಮೇಲಿನ ಮೂಲೆಗಳನ್ನು ಹಿಡಿದು, ತಾವು ಕಾಣದಂತೆ ನನ್ನ ಹಿಂದೆ ನಿಲ್ಲಬೇಕು. ಅವರ ಬೆರಳುಗಳು ಮಾತ್ರ ಫೋಟೋದ ಅಂಚಿಗೆ ಬರುತ್ತಿದ್ದವು. ಪ್ರಿಂಟು ಹಾಕುವಾಗ ಅವಳು ಆ ಅಂಚನ್ನು ಕತ್ತರಿಸಿ ಬಿಡುತ್ತಿದ್ದಳು. ಹೀಗಾಗಿ ಫೋಟೋಕ್ಕೆ ಕೂತವರ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಮುಖ ಕಾಣುತ್ತಿದ್ದುದು ಹಿಂದೆ ನಿಂತವರದು.

ಮುಂಡಗೋಡಿನ ಟಿಬೆಟ್ ಕ್ಯಾಂಪಿನಲ್ಲಿ ಇಬ್ಬರು ಸನ್ಯಾಸಿಗಳು ನನ್ನನ್ನು ಹಿಡಿದಿದ್ದರು. ಅವರಿಗೆ ನಗು ತಡೆಯಲಾಗದೆ ನಾನೂ ಗಡಗಡ ಅಲುಗಿದೆ. ಅಂಕೋಲೆಯ ಹಾಲಕ್ಕಿ ಅಜ್ಜಿಯ ಬೆನ್ನು ತುಂಬ ಕರಿಮಣಿ ಸರ. ಲಂಬಾಣಿ ತಾಂಡೆಯ ಹೆಂಗಸರು ನನ್ನನ್ನು ತಿಕ್ಕಿ ನೋಡಿ, "ಒಂದರ ಕನ್ನಡಿ ಹಚ್ಚಬಾರದೇನಕ್ಕಾ, ಗಂಡ ಸತ್ತಾಕಿ ಹಂಗ ಅದ ಇದು" ಎಂದು ಮರುಗಿದರು. ಎಷ್ಟು ಊರು ತಿರುಗಿದೆ! ಕಣ್ಣಿಗೆ ಬೀಳದ ನನಗೆ ಜಂಬ ಬಂದದ್ದೇ ಆಗ.

ಆಮೇಲೆ ಹಳಿಯಾಳದ ಕಡೆಯ ಒಂದು ಸಿದ್ದಿ ಕೇರಿಗೆ ಹೋದೆವು. ಅಲ್ಲಿ ಬಸ್ತ್ಯಾಂವ್ ಸಿಕ್ಕ. ಆರಡಿ ಮೀರಿದ ಆಳು. "ಇಬ್ಬರು ಯಾಕ್ರೀ ಅಕ್ಕಾರ, ನಾ ಒಬ್ಬನ ಸಾಕು" ಎಂದು ಎರಡೂ ಕೈ ಚಾಚಿ ನನ್ನನ್ನು ಎತ್ತಿ ಹಿಡಿದ. ಮೊದಲು ಅವನ ಹೆಂಡತಿ ಫಿಲುಮಿನಾ ಕೂತಳು. ಆಮೇಲೆ ಕೇರಿಗೆ ಕೇರಿಯೇ ಒಬ್ಬೊಬ್ಬರಾಗಿ ಕೂತಿತು.

ಅವನಿಗೂ ಒಂದು ಆಸೆ ಇತ್ತು. ಹಿಡಿಯುವ ಮೊದಲು ಜೇಬಿನಿಂದ ವೋಟಿನ ಕಾರ್ಡು ತೆಗೆದು ತೋರಿಸಿದ್ದ. "ಇದರಾಗ ನನ್ನ ಮಾರಿ ನೋಡ್ರಿ, ಬರೇ ಕರೀ ಮಸಿ. ಕಣ್ಣ ಎಲ್ಲಿ, ಮೂಗ ಎಲ್ಲಿ ನನಗ ತಿಳೀವಲ್ದು. ಮಾರಿ ಕಾಣೂ ಹಂಗ ಒಂದು ತಗೀರಿ."

"ಇದ್ದದ್ದ ಹಂಗ ಐತಿ, ಕಾರ್ಡ್ ಏನ್ ಮಾಡ್ತೈತಿ?" ಎಂದು ಫಿಲುಮಿನಾ ಕುಟುಕಿದಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅವನು.

"ಮೊದಲ ಎಲ್ಲಾರದೂ ಆಗಲಿ. ನಂದು ಆಮ್ಯಾಲ" ಎಂದು ಹಿಂದೆ ನಿಂತವನು ಸಂಜೆಯವರೆಗೂ ಕೈ ಇಳಿಸಲಿಲ್ಲ. ಅವನ ಮುಖ ನನ್ನ ಮೈಗೆ ತಾಗಿಕೊಂಡೇ ಇತ್ತು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಅರ್ಧ ನರೆತ ಮೀಸೆ. ಏನೋ ಪದ ಗುನುಗುತ್ತಿದ್ದ, ಗುನುಗುವಾಗ ಕಣ್ಣು ಮುಚ್ಚುತ್ತಿದ್ದ. ಅವನ ಉಸಿರಿಗೆ ನನ್ನ ಎಳೆಗಳು ಬೆಚ್ಚಗಾಗುತ್ತಿದ್ದವು.

ಅವನ ಸರದಿ ಬಂದಾಗ ಬಿಸಿಲು ಸಾಗುವಾನಿ ಮರಗಳ ಹಿಂದೆ ಇಳಿದಿತ್ತು. ನನ್ನನ್ನು ಕೇರಿಯ ಇಬ್ಬರ ಕೈಗೆ ಕೊಟ್ಟು ಹೋದವನು ತೊಳೆದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿ ಬಂದು ಕೂತ. ವಿಶಾಲಾಕ್ಷಿ ಕ್ಯಾಮೆರಾದಲ್ಲಿ ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಗಿಳಿಸಿದಳು.

"ಬಸ್ತ್ಯಾಂವಣ್ಣಾ, ಬೆಳಕು ಹೋತು. ಈಗ ತೆಗೆದ್ರ ನಿಮ್ಮ ಕಾರ್ಡಿನಂಗ ಆಕ್ಕೈತಿ. ಮುಂದಿನ ಸಲ ಮೊದಲನೇ ಫೋಟೋ ನಿಮ್ದ."

"ಆತ್ರಿ ಅಕ್ಕಾರ. ಮಾರಿ ಎಲ್ಲಿ ಹೋಗತೈತಿ, ಇಲ್ಲೇ ಇರತೈತಿ" ಎಂದು ಎದ್ದು ನನ್ನನ್ನು ನೀಟಾಗಿ ಮಡಚಿಕೊಟ್ಟ.

ಮಳೆಗಾಲ ಮುಗಿದ ಮೇಲೆ ಪ್ರಿಂಟುಗಳನ್ನು ಹಿಡಿದು ಮತ್ತೆ ಆ ಕೇರಿಗೆ ಹೋದೆವು. ವಿಶಾಲಾಕ್ಷಿ ಬಸ್ಸಿಳಿದವಳೇ ನನ್ನನ್ನು ಚೀಲದಿಂದ ತೆಗೆದು ಹೆಗಲಿಗೆ ಹಾಕಿಕೊಂಡಿದ್ದಳು, ಮೊದಲ ಫೋಟೋ ಅವನದೇ ಎಂದು. ಅಂಗಳದಲ್ಲಿ ಫಿಲುಮಿನಾ ಒಬ್ಬಳೇ ಕೂತಿದ್ದಳು. ಬಸ್ತ್ಯಾಂವನಿಗೆ ಶ್ರಾವಣದಲ್ಲಿ ಬಂದ ಜ್ವರ ಎದೆಗೆ ಇಳಿದು, ಅವನು ತೀರಿಹೋಗಿದ್ದ.

ಅವಳು ಪ್ರಿಂಟುಗಳನ್ನು ಒಂದೊಂದಾಗಿ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು.

"ಇಡೀ ದಿನಾ ಅಂವಾ ಇಲ್ಲೇ ನಿಂತಿದ್ನಲ್ರೀ. ಇದರಾಗ ಎಲ್ಲಿ ಅದಾನ?"

ವಿಶಾಲಾಕ್ಷಿ ಪ್ರಿಂಟಿನ ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿದಳು.

"ದಿನಾ ನೋಡೂ ಮಾರಿ ಅಂತ ನಾ ಸರಿಯಾಗಿ ನೋಡ್ಲೇ ಇಲ್ಲ ಅಕ್ಕಾರ. ಈಗ ಕಣ್ಣ ಮುಚ್ಚಿದ್ರ ದನಿ ಕೇಳತೈತಿ, ಮಾರಿ ಬರೂದಿಲ್ಲ. ಆ ಕಾರ್ಡ್ ನೋಡಿ ನೋಡಿ, ಅಂವಾ ಹಂಗ ಇದ್ನೇನೋ ಅನ್ಸಾಕ ಹತ್ತೇತಿ."

ನಾನು ಹೆಗಲ ಮೇಲೆ ಇದ್ದೆ. ಕೂಗಿ ಹೇಳಬೇಕೆನ್ನಿಸಿತು. ಹುಬ್ಬಿನ ಗೆರೆ, ಮೀಸೆಯ ನರೆ, ಮುಚ್ಚಿದ ರೆಪ್ಪೆ ಎಲ್ಲ ನನಗೆ ಗೊತ್ತು. ಆದರೆ ನಾನು ಬಟ್ಟೆ, ಫಿಲ್ಮ್ ಅಲ್ಲ. ಆ ದಿನ ಅಲ್ಲಿದ್ದ ಕ್ಯಾಮೆರಾಕ್ಕೆ ಅವನು ಕಾಣಲಿಲ್ಲ, ಕಂಡ ನನಗೆ ತೋರಿಸಲು ಬರುವುದಿಲ್ಲ. ನನ್ನ ಹುಟ್ಟಿಗೆ ಇದಕ್ಕಿಂತ ದೊಡ್ಡ ದುಃಖ ಬೇರೆ ಇಲ್ಲ.

ಧಾರವಾಡಕ್ಕೆ ಬಂದ ವಿಶಾಲಾಕ್ಷಿ ನೆಗೆಟಿವ್‌ಗಳನ್ನೆಲ್ಲ ಹರವಿಕೊಂಡು ಕೂತಳು. ಫಿಲುಮಿನಾಳ ಫೋಟೋವನ್ನು ಈ ಸಲ ಅಂಚು ಕತ್ತರಿಸದೆ ಪ್ರಿಂಟು ಹಾಕಿದಳು. ನಡುವೆ ನಗೆ ಅದುಮಿಟ್ಟುಕೊಂಡ ಫಿಲುಮಿನಾ. ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು. ಬಲಗೈಯ ಒಂದು ಉಗುರು ಸೊಟ್ಟ.

ಅದನ್ನು ಒಯ್ದು ಕೊಟ್ಟಾಗ ಫಿಲುಮಿನಾ ತನ್ನ ಮುಖವನ್ನು ನೋಡಲೇ ಇಲ್ಲ. ಆ ಸೊಟ್ಟ ಉಗುರಿನ ಮೇಲೆ ತನ್ನ ಬೆರಳಿಟ್ಟಳು. "ಇವ ನೋಡ್ರಿ ನನ್ನ ಗಂಡ" ಅಂದಳು. ಅಂದವಳು ಹೋ ಎಂದು ಅತ್ತಳು. ವಿಶಾಲಾಕ್ಷಿ ಅವಳನ್ನು ತಬ್ಬಿಕೊಂಡು ತಾನೂ ಅತ್ತಳು.

ಹೊರಡುವಾಗ ಫಿಲುಮಿನಾ ನನ್ನ ತುದಿ ಹಿಡಿದು ಕೇಳಿದಳು. "ಅಂವಾ ಹಿಡದದ್ದು ಇದ ಅರಬಿ ಅಲ್ಲೇನ್ರೀ?" ವಿಶಾಲಾಕ್ಷಿ ನನ್ನನ್ನು ಅವಳ ಮಡಿಲಲ್ಲಿಟ್ಟಳು. ಆಮೇಲೆ ವಿಶಾಲಾಕ್ಷಿ ಇನ್ನೊಂದು ಬಟ್ಟೆ ಕೊಂಡಳೋ ಇಲ್ಲವೋ ನನಗೆ ತಿಳಿಯದು.

ಸಿದ್ದಿ ಹೆಂಗಸರು ಹಳೆಯ ಅರಿವೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಕೂರಿಸದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ. ಫಿಲುಮಿನಾ ನನ್ನ ಮೇಲೆ ಅವನ ಅಂಗಿಗಳ ತುಂಡುಗಳನ್ನು ಹಚ್ಚಿ ಹೊಲಿದಳು. ಅವನ ಕೈ ಹಿಡಿದಿದ್ದ ಮೂಲೆಗಳಿಗೆ, ಅವನು ಫೋಟೋಕ್ಕೆಂದು ತೊಟ್ಟಿದ್ದ ಅಂಗಿಯಿಂದ ಹೂವು ಮಾಡಿದಳು. ಲಂಬಾಣಿ ಹೆಂಗಸರು ಈಗ ನೋಡಿದರೆ ನನ್ನ ಗುರುತು ಹಿಡಿಯಲಿಕ್ಕಿಲ್ಲ.

ಈಗ ನನಗೆ ವಯಸ್ಸಾಯಿತು, ಎಳೆಗಳು ಸಡಿಲಾಗಿವೆ. ಕತ್ತರಿಸದ ಆ ಫೋಟೋ ಗೋಡೆಯ ಮೇಲಿದೆ. ಫಿಲುಮಿನಾ ಈಗಲೂ ಒಮ್ಮೊಮ್ಮೆ ಅದರ ಮುಂದೆ ನಿಂತು ಕಣ್ಣು ಮುಚ್ಚುತ್ತಾಳೆ. ಮುಖ ಬರಲಿಲ್ಲವೆಂದು ತಲೆಯಾಡಿಸಿ ಒಳಗೆ ಹೋಗುತ್ತಾಳೆ.

ಚಳಿ ಬಂದಾಗ ನನ್ನನ್ನು ಹೊದೆಯುತ್ತಾಳೆ. ಹೊಲಿಯುವಾಗ ಅವಳಿಗೆ ತಿಳಿಯದೆಯೇ ಅವನು ಮುಖ ಆನಿಸಿ ನಿಂತಿದ್ದ ನನ್ನ ಹಿಂಬದಿ ಒಳಮೈಯಾಗಿದೆ. ಮುಸುಕೆಳೆದುಕೊಂಡಾಗ ಅವನ ಮೀಸೆ ತಾಗಿದ ಜಾಗಕ್ಕೆ ಅವಳ ಕೆನ್ನೆ ತಾಗುತ್ತದೆ. ಅದು ಅವಳಿಗೆ ಗೊತ್ತಿಲ್ಲ.