ನಳಿಕೆ ತೆಗೆದ ದಿನ

ಮೂತ್ರದ ನಳಿಕೆಯನ್ನು ಎಳೆದಾಗ ಉರಿಯಿತು. ಉರಿಯಿತಲ್ಲ ಎಂದು ಮರಿಸ್ವಾಮಿಗೆ ಬೇಸರವಾಯಿತು. ಸತ್ತ ನರ ಉರಿಯಲಾರದು.

"ಇನ್ನ ನೀವಾ ಹೋಗಬೇಕ್ರಿ ಸರ," ಎಂದಳು ನರ್ಸ್ ಇಮಾಮಬಾನು, ನಳಿಕೆಯನ್ನು ಬುಟ್ಟಿಗೆ ಹಾಕುತ್ತ. "ಮದಿಮಗನ್ಹಂಗ ನಾಚ್ಕೋಬ್ಯಾಡ್ರಿ."

ಮಲಾಶಯದ ಕ್ಯಾನ್ಸರ್ ಗಡ್ಡೆಯನ್ನು ತೆಗೆದವನು ಡಾಕ್ಟರ್ ಗವಿಸಿದ್ದೇಶ. ಮೂತ್ರಕೋಶಕ್ಕೆ ಹೋಗುವ ನರಗಳು ಅದರ ಮಗ್ಗುಲಿಗೇ ಇದ್ದುವಂತೆ. ಕೂದಲೆಳೆಯಂಥ ಅವನ್ನು ಬಿಡಿಸಿ, ಬದಿಗೆ ಸರಿಸಿ, ಒಂದನ್ನೂ ಕಡಿಯಲಿಲ್ಲವೆಂದು ಅವನು ವಾರ್ಡಿಗೆಲ್ಲ ಹೇಳಿದ್ದ. ಸಂಜೆ ಬಳ್ಳಾರಿಯ ವೈದ್ಯರ ಸಭೆಯಲ್ಲೂ ಹೇಳಲಿದ್ದ. ಪುರಾವೆಯೊಂದೇ ಬಾಕಿ: ಮರಿಸ್ವಾಮಿ ತಾನಾಗಿ ಮೂತ್ರ ಮಾಡಬೇಕು.

ಮಾಡುವುದಿಲ್ಲವೆಂದು ಮರಿಸ್ವಾಮಿ ನಿಶ್ಚಯಿಸಿದ್ದ.

ಮರಳಿ ಎಂಬ ಊರಿನ ಶಾಲೆಯಲ್ಲಿ ಇಬ್ಬರದೂ ಒಂದೇ ವರ್ಗ. ಮಾಸ್ತರರಿಲ್ಲದ ಒಂದು ಮಧ್ಯಾಹ್ನ ವರ್ಗನಾಯಕ ಗವಿಸಿದ್ದೇಶ ಬಾಗಿಲಿಗೆ ಅಡ್ಡ ನಿಂತು, ಹೊರಗೆ ಬಿಡೆಂದು ಬೇಡಿಕೊಂಡ ಮರಿಸ್ವಾಮಿಯನ್ನು ಬಿಡಲಿಲ್ಲ. ಚಡ್ಡಿ ತೋಯ್ದಿತು. ಹುಡುಗಿಯರೂ ನಕ್ಕರು. ಊರು ಬಿಡುವವರೆಗೆ ಅವನು ಉಚ್ಚಿಸ್ವಾಮಿ. ಕಾರಟಗಿಯಲ್ಲಿ ಗಣಿತದ ಉಪನ್ಯಾಸಕನಾದ ಮೇಲೂ ತರಗತಿಯಲ್ಲಿ ಯಾರಾದರೂ ನಕ್ಕರೆ ಅವನ ಕೈ ತಾನಾಗಿ ಪ್ಯಾಂಟನ್ನು ಮುಟ್ಟಿ ನೋಡುತ್ತಿತ್ತು.

ಹೆಂಡತಿ ದುರ್ಗಾದೇವಿ ಗಂಗಾವತಿಯ ಈ ಆಸ್ಪತ್ರೆಗೇ ಕರೆತಂದಳು. ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ.

ಗವಿಸಿದ್ದೇಶನಿಗೆ ಶಾಲೆಯ ಬೇವಿನ ಮರ ನೆನಪಿತ್ತು, ಮಾಸ್ತರರ ಕೋಲು ನೆನಪಿತ್ತು. ಆ ಮಧ್ಯಾಹ್ನ ನೆನಪಿರಲಿಲ್ಲ. ಮರೆತವನನ್ನು ಕ್ಷಮಿಸುವುದು ಹೇಗೆ?

ಬಿಸಿಲೇರುವ ಹೊತ್ತಿಗೆ ಒತ್ತಡ ಬಂತು. ಹಳೆಯ ಪರಿಚಯದವರು ಹೆಸರು ಹಿಡಿದು ಕರೆದಷ್ಟು ಸ್ಪಷ್ಟವಾಗಿ. ಡಾಕ್ಟರ್ ಸುಳ್ಳು ಹೇಳಿರಲಿಲ್ಲ. ಮರಿಸ್ವಾಮಿ ಬಚ್ಚಲಿಗೆ ಹೋದ, ತೊಡೆ ಬಿಗಿದು ನಿಂತ, ಹೊರಬಂದ.

"ಬಂತೇನ್ರಿ?" ಎಂದಳು ದುರ್ಗಾದೇವಿ.

"ಇಲ್ಲ."

ಅವಳ ಮುಖ ಇಳಿಯಿತು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಹಾಸಿಗೆಯಲ್ಲಿ ಸುಖವಾಗಿ ಮಲಗಿದ.

ಮಧ್ಯಾಹ್ನ ಗವಿಸಿದ್ದೇಶ ಬಂದು ಕಿಬ್ಬೊಟ್ಟೆ ಒತ್ತಿ ನೋಡಿದ. "ತುಂಬೇತಲ್ಲೋ ಮಾರಾಯ! ಹೋಗವಲ್ದೇನು?"

"ಇಲ್ಲ."

"ಬಂದಂಗರ ಆಗ್ತೈತಿಲ್ಲೋ?"

"ಏನೂ ಇಲ್ಲ."

"ನರ ಕಣ್ಣಾರೆ ನೋಡೀನಿ. ನನ್ನ ಕೈಲೇ ಸರಿಸೀನಿ."

"ಕೈ ತಪ್ಪಿರಬೇಕು ಬಿಡು. ದೊಡ್ಡವರದೂ ತಪ್ಪತೈತಿ."

ಡಾಕ್ಟರ್ ತನ್ನ ಬೆರಳುಗಳನ್ನು, ಇನ್ನೊಬ್ಬರವೋ ಎಂಬಂತೆ, ನೋಡಿಕೊಂಡ. ಬಳ್ಳಾರಿಗೆ ಫೋನು ಮಾಡಿ ಬರುವುದಿಲ್ಲವೆಂದ. "ಮತ್ತ ನಳಿಗಿ ಹಾಕೂದಾ," ಎಂದ ಆಮೇಲೆ. "ನರ ಹೋಗಿದ್ರ ಅದಾ ಕಾಯಂ." ದುರ್ಗಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಗೆ ತೀರಿತು. ಶೇಷ ಸೊನ್ನೆ. ಇನ್ನು ಬಿಟ್ಟುಬಿಡಬಹುದು.

"ಇನ್ನೊಮ್ಮೆ ನೋಡ್ತೀನಿ," ಎಂದು ಮರಿಸ್ವಾಮಿ ಎದ್ದ.

ಬಚ್ಚಲಲ್ಲಿ ತೊಡೆ ಸಡಿಲಿಸಿದ. ಬರಲಿಲ್ಲ. ಉಸಿರು ಕಟ್ಟಿ ತಿಣುಕಿದ. ಬರಲಿಲ್ಲ. ಕಿಬ್ಬೊಟ್ಟೆ ಕಲ್ಲಾಗಿತ್ತು. ಬೆಳಗಿನ ಆ ಕರೆ ಈಗ ಬರಿಯ ನೋವು. ಎಲ್ಲಿಂದ ಹೊರಟು ಎಲ್ಲಿ ನಿಂತಿದೆಯೆಂದು ತಿಳಿಯದ ನೋವು. ನರ ಕಡಿದವನು ಯಾರು, ಡಾಕ್ಟರೋ, ತಾನೋ? ಸದ್ದಿಗಾದರೂ ಒಲಿದೀತೆಂದು ನಳವನ್ನು ಸಣ್ಣಗೆ ತಿರುಗಿಸಿದ. ತುಂಬಿದ ಬಕೀಟಿಗೆ ನೀರು ಎಳೆಯಾಗಿ ಬಿತ್ತು.

"ಬಂತ್ರಿ ಡಾಕ್ಟರ್ರ!" ಹೊರಗೆ ದುರ್ಗಾದೇವಿ ಕೂಗಿದಳು. "ಸಪ್ಪಳ ಕೇಳ್ರಿ, ಬಂತು!"

"ನಾ ಹೇಳಲಿಲ್ಲೇನಬೇ ಯವ್ವಾ!" ಗವಿಸಿದ್ದೇಶ ಗಹಗಹಿಸಿದ. "ಇಮಾಮಬಾನು, ಬಳ್ಳಾರಿಗೆ ಫೋನ್ ಹಚ್ಚು. ಬರ್ತಾರಂತ ಹೇಳು."

ಇಲ್ಲವೆನ್ನಲು ಮರಿಸ್ವಾಮಿ ಬಾಯಿ ತೆರೆದ. ನಳ ನಿಲ್ಲಿಸಲು ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ನೀರು ಬಕೀಟಿನ ಅಂಚನ್ನು ಮೀರಿ ಇಳಿದು, ಅವನ ಪಾದಗಳನ್ನು ಬಳಸಿ, ಕದದ ಸಂದಿಯಿಂದ ಅವರ ನಗುವಿನ ಕಡೆಗೆ ಸುಮ್ಮನೆ ಹರಿಯತೊಡಗಿತು.