ಕಳ್ಳಗುರುತು

ಗಣಿ ಬಳಗದಲ್ಲಿ ಇದ್ದವರು ಹನ್ನೊಂದು ಜನ. ಅವರಲ್ಲಿ ಯಾರೂ ಗಣಿಯನ್ನು ಕಂಡವರಲ್ಲ. ಕಂಡವನು ಒಬ್ಬನೇ ಒಬ್ಬ ಕೂಲಿಯಾಳು, ಅವರ ಮುತ್ತಜ್ಜಂದಿರ ಕಾಲದವನು. ಗಣಿಯ ಬಾಯಿಗೆ ಕಲ್ಲು ಮುಚ್ಚಿ, ಬೆಟ್ಟ ಇಳಿದು ಬಂದು, ಜ್ವರದಲ್ಲಿ ಎರಡು ಮಾತು ಬಡಬಡಿಸಿ ಕಣ್ಣು ಮುಚ್ಚಿದನಂತೆ. ಆ ಎರಡು ಮಾತನ್ನು ಹಿಡಿದುಕೊಂಡು ಗಣಿ ಹುಡುಕುವುದರಲ್ಲೇ ಹನ್ನೊಂದು ಸಂಸಾರಗಳ ಭಾನುವಾರಗಳೆಲ್ಲ ಹಾಳಾಗಿದ್ದವು. ಬಳಗ ಸೇರುತ್ತಿದ್ದದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ. ಕೆಳಗೆ ಯಂತ್ರ ಓಡಿದರೆ ಮೇಲೆ ಮೇಜಿನ ಮೇಲಿದ್ದ ಪೆನ್ಸಿಲುಗಳು ಉರುಳಿ ಕೆಳಗೆ ಬೀಳುತ್ತಿದ್ದವು.

ಅಣ್ಣಾ, ತಮ್ಮಾ ಎಂದು ಬಾಯ್ತುಂಬ ಕರೆದುಕೊಳ್ಳುತ್ತಿದ್ದರು. ಒಬ್ಬರನ್ನೊಬ್ಬರು ಚೂರೂ ನಂಬುತ್ತಿರಲಿಲ್ಲ. ಅದಕ್ಕಾಗಿಯೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಪ್ರತಿಯೊಬ್ಬನೂ ತನ್ನ ನಕ್ಷೆಯಲ್ಲಿ ಬೇಕೆಂತಲೇ ಒಂದು ಸುಳ್ಳು ಹಾಕಬೇಕು: ಇಲ್ಲದ ಬಂಡೆ, ಇಲ್ಲದ ಕವಲುದಾರಿ, ಹೀಗೆ. ಯಾರಾದರೂ ನಕ್ಷೆಯನ್ನು ಕದ್ದು ನಕಲು ಮಾಡಿಕೊಂಡು ಬೆಟ್ಟ ಹತ್ತಿದರೆ, ಆ ಇಲ್ಲದ ಜಾಗ ಹುಡುಕುತ್ತಾ ಅಲೆದು ಸಿಕ್ಕಿಬೀಳಬೇಕು. ಇದಕ್ಕೆ ಕಳ್ಳಗುರುತು ಎಂದು ಹೆಸರು. ಯಾವುದು ಕಳ್ಳಗುರುತು ಎಂಬುದನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಕೂಡದು. ಬಳಗಕ್ಕೆ ಸೇರುವ ದಿನ ಮಾಡಿಸುತ್ತಿದ್ದ ಆಣೆ ಅದೊಂದೇ.

ಎಲ್ಲರಿಗಿಂತ ಒಳ್ಳೆಯ ನಕ್ಷೆ ಇದ್ದದ್ದು ನಕ್ಷೆ ಮೇಷ್ಟ್ರ ಹತ್ತಿರ. ಅವರು ಯಾರಿಗೂ ಪಾಠ ಹೇಳಿದವರಲ್ಲ, ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಆದರೂ ಆ ಹೆಸರು ಅಂಟಿಕೊಂಡಿತ್ತು. ಹತ್ತೊಂಬತ್ತು ವರ್ಷ ಆ ಬೆಟ್ಟವನ್ನು ಹತ್ತಿ ಇಳಿದು, ಗೇಣು ಗೇಣು ಅಳೆದು ಬರೆದ ಹಾಳೆ ಅದು. ಮೂರು ವರ್ಷದ ಹಿಂದೆ ಅವರಿಗೆ ಬಳಗದ ಔಷಧಿ ಅಂಗಡಿಯವನ ಮೇಲೆ ಗುಮಾನಿ ಬಂತು. ಆತ ಹಾಳೆಯ ಮೇಲೆ ಬಗ್ಗಿದರೆ ಬೇಗ ಏಳುತ್ತಿರಲಿಲ್ಲ. ಮೇಷ್ಟ್ರು ಹಳೆಯ ಕಳ್ಳಗುರುತನ್ನು ಕೆರೆದು ತೆಗೆದು, ಪಶ್ಚಿಮದ ಒಣ ಕಣಿವೆಯಲ್ಲಿ ಒಂದು ನೀಲಿ ಚುಕ್ಕೆ ಇಟ್ಟರು. ನೀರಿನ ಒರತೆ. ನೀರಿನ ವಿಷಯದಲ್ಲಿ ಅಲ್ಲಿಯತನಕ ಯಾರೂ ಸುಳ್ಳು ಬರೆದಿರಲಿಲ್ಲ, ಅದಕ್ಕೇ ಅವರಿಗೆ ಅದು ಜಾಣತನವೆನಿಸಿತು. ಅವತ್ತು ಎರಡು ತುತ್ತು ಹೆಚ್ಚಿಗೆಯೇ ಉಂಡರು.

ಅವರಿಗೆ ಒಬ್ಬಳೇ ಮಗಳು. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದಳು. ಅಕ್ಷರ ಕೂಡಿಸಿ ಓದುವ ಮೊದಲೇ ಅಪ್ಪನ ತೊಡೆಯ ಮೇಲೆ ಕೂತು ನಕ್ಷೆಗಳಲ್ಲಿ ಬೆಟ್ಟದ ಎತ್ತರ ತೋರಿಸುವ ಏರುಗೆರೆಗಳನ್ನು ಓದಲು ಕಲಿತವಳು. ನನ್ನನ್ನೂ ಕರೆದುಕೊಂಡು ಹೋಗಪ್ಪ ಎಂದು ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಬಳಗದವರು ಒಪ್ಪುವುದಿಲ್ಲ ಎಂದು ಇವರು ಜಾರಿಕೊಳ್ಳುತ್ತಿದ್ದರು. ಬಳಗದವರನ್ನು ಇವರು ಒಮ್ಮೆಯೂ ಕೇಳಿದ್ದಿಲ್ಲ.

ಸುಡು ಬೇಸಿಗೆಯ ಒಂದು ಶನಿವಾರ ನಸುಕಿನಲ್ಲಿ, ಕಾಲೇಜಿನ ಕೆಲಸ ಎಂದು ಹೇಳಿ ಅವಳು ಹೊರಟಳು. ಭಾನುವಾರ ಸಂಜೆಯಾದರೂ ಪತ್ತೆಯಿಲ್ಲ, ಫೋನು ಸಿಗುತ್ತಿಲ್ಲ. ಮೇಷ್ಟ್ರು ಏನೋ ಹುಡುಕುತ್ತಾ ನಕ್ಷೆಯ ಡ್ರಾಯರು ಎಳೆದಾಗ ಚೀಟಿ ಸಿಕ್ಕಿತು.

"ಅಪ್ಪ, ನಿನ್ನ ನಕ್ಷೆಯ ಫೋಟೋ ತೆಗೆದುಕೊಂಡಿದ್ದೇನೆ, ಬೈಬೇಡ. ಭಾನುವಾರ ಮಧ್ಯಾಹ್ನದೊಳಗೆ ವಾಪಸ್. ಎರಡು ಬಾಟಲಿ ನೀರು ಸಾಕು, ಕಣಿವೆಯಲ್ಲಿ ಒರತೆ ಇದೆಯಲ್ಲ. ಅಮ್ಮನಿಗೆ ಹೇಳಬೇಡ, ಸುಮ್ಮನೆ ಗಾಬರಿಯಾಗುತ್ತಾಳೆ."

ಮೇಷ್ಟ್ರು ಪೊಲೀಸರಿಗೆ ಫೋನು ಮಾಡಿ, ಮಗಳು ಬೆಟ್ಟಕ್ಕೆ ಹೋದವಳು ಬಂದಿಲ್ಲ ಎಂದರು. ಬೆಳಗಾಗುವತನಕ ತಂಡ ಹತ್ತುವುದಿಲ್ಲ ಎಂಬ ಉತ್ತರ ಬಂತು. ಹಾಗಿದ್ದರೆ ಒರತೆಯ ಮಾತನ್ನು ನಾಳೆಯೇ ಹೇಳಿದರಾಯಿತು ಎಂದುಕೊಂಡರು. ಹೆಂಡತಿಗೂ ಬೆಟ್ಟ ಎಂದಷ್ಟೇ ಹೇಳಿ, ಚೀಟಿಯನ್ನು ಜೇಬಿಗಿಳಿಸಿದರು. ಆಕೆ ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ಗಾಬರಿ ಬೀಳುವ ಹೆಂಗಸೇ ಅಲ್ಲ. ಮಗಳೇನಾದರೂ ಮನೆಗೆ ಫೋನು ಮಾಡಿದರೆ ಯಾರಾದರೂ ಇರಬೇಕಲ್ಲ ಎಂದು, ಮೇಷ್ಟ್ರು ಬೆಟ್ಟಕ್ಕೆ ಹೊರಟಾಗ ಆಕೆ ಮನೆಯಲ್ಲೇ ಉಳಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಬೆಟ್ಟದ ಬುಡದಲ್ಲಿ ಟೆಂಟು ಎದ್ದಿತ್ತು. ಸುದ್ದಿ ತಿಳಿದು ಬಳಗದ ಹತ್ತೂ ಜನ ಬಂದಿದ್ದರು. ತಂಡದ ಅಧಿಕಾರಿ ಮೇಷ್ಟ್ರ ನಕ್ಷೆಯನ್ನು ಮಡಿಸುವ ಮೇಜಿನ ಮೇಲೆ ಹರವಿ ಕೇಳಿದ:

"ಎಲ್ಲಿಗೆ ಹೋಗಿರಬಹುದು ಸರ್ ನಿಮ್ಮ ಮಗಳು?"

ಹತ್ತು ತಲೆಗಳು ಹಾಳೆಯ ಮೇಲೆ ಬಗ್ಗಿದವು. ಔಷಧಿ ಅಂಗಡಿಯವನಂತೂ ಅಧಿಕಾರಿಯ ಮೊಣಕೈಗೇ ಒತ್ತಿಕೊಂಡು ನಿಂತಿದ್ದ. ಈ ನೀಲಿ ಚುಕ್ಕೆ ಸುಳ್ಳು ಎಂದು ಈಗ ಬಾಯಿಬಿಟ್ಟರೆ ಉಳಿದದ್ದೆಲ್ಲ ನಿಜ ಎಂದು ಎಲ್ಲರೆದುರು ಡಂಗುರ ಹೊಡೆದಂತೆ. ಹತ್ತೊಂಬತ್ತು ವರ್ಷದ ದುಡಿಮೆ ಒಂದೇ ಮಾತಿಗೆ ಹತ್ತು ಜನರ ಪಾಲು. ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಬಹುದಿತ್ತು. ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಹೇಗೆ ಕಳಿಸಿದರೂ, ತಂಡ ಕಣಿವೆಯಲ್ಲಿ ಒರತೆಯೇ ಇಲ್ಲ ಎಂದು ವೈರ್‌ಲೆಸ್ಸಿನಲ್ಲಿ ಹೇಳಿದ ಕೂಡಲೇ ಹತ್ತು ಜನರಿಗೂ ಗೊತ್ತಾಗುತ್ತಿತ್ತು. ಅವಳು ಜಾಣೆ, ನೀರಿಲ್ಲವೆಂದು ಕಂಡೊಡನೆ ತಿರುಗಿ ಪೂರ್ವದ ಏಣಿನ, ಬೆಟ್ಟದ ಬೆನ್ನಿನ, ದಾರಿ ಹಿಡಿದಿರುತ್ತಾಳೆ ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬೆರಳು ಪೂರ್ವಕ್ಕೆ ಹೋಯಿತು.

"ಏಣಿನ ಮೇಲೆ ನೋಡಿ," ಎಂದರು.

ಏಳಾಯಿತು, ಎಂಟಾಯಿತು. ಬಿಸಿಲು ಏರಿತು. ಏಣಿನ ಮೇಲೆ ಯಾರೂ ಇಲ್ಲ ಎಂದು ವೈರ್‌ಲೆಸ್ಸಿನಲ್ಲಿ ಮತ್ತೆ ಮತ್ತೆ ಬಂತು. ಯಾರೋ ನೀರಿನ ಲೋಟ ಕೈಗಿತ್ತರು, ಮೇಷ್ಟ್ರಿಗೆ ಅದನ್ನು ಬಾಯಿಗಿಡಲಾಗಲಿಲ್ಲ. ಕಡೆಗೆ ಹತ್ತು ಗಂಟೆಗೆ ಲೋಟವನ್ನು ಕೆಳಗಿಟ್ಟು ಎದ್ದುನಿಂತರು.

"ಪಶ್ಚಿಮದ ಕಣಿವೆಗೆ ಹೋಗಿ. ಈ ಒರತೆ ಇಲ್ಲ. ನಾನೇ ಸುಮ್ಮನೆ ಬರೆದದ್ದು."

ಅಧಿಕಾರಿಗೆ ಅರ್ಥವಾಗಲಿಲ್ಲ. "ಸುಮ್ಮನೆ ಅಂದ್ರೆ?"

ಬಳಗದವರಿಗೆ ಅರ್ಥವಾಯಿತು. ಎಲ್ಲರೂ ಮುಖ ಮುಖ ನೋಡಿಕೊಂಡರು. ಒಬ್ಬ ತನ್ನ ಪಾಡಿಗೆ ಪುಟ್ಟ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡ.

ಅವಳು ಸಿಕ್ಕಿದಾಗ ಮಧ್ಯಾಹ್ನ ಒಂದಾಗಿತ್ತು. ನೀಲಿ ಚುಕ್ಕೆ ಇದ್ದ ಜಾಗದಲ್ಲೇ, ಕರಾರುವಾಕ್ಕಾಗಿ. ಒಣ ಮರಳಿನಲ್ಲಿ ಐದು ಗುಂಡಿಗಳಿದ್ದವು. ಕಡೆಯವೆರಡನ್ನು ಬರಿಗೈಯಲ್ಲಿ ತೋಡಿದ್ದಳು.

"ಒರತೆ ಬತ್ತಿದೆ, ಕೆಳಗೆ ನೀರು ಇದ್ದೇ ಇರುತ್ತೆ ಅಂದ್ಕೊಂಡಿರಬೇಕು ಸರ್," ಎಂದ ಅಧಿಕಾರಿ. "ಆಗಲೇ ವಾಪಸ್ ನಡೆದಿದ್ರೆ ಬದುಕ್ತಿದ್ರೋ ಏನೋ."

ಅವಳು ನಡೆಯಲಿಲ್ಲ. ಅಪ್ಪ ಬರೆದ ಮೇಲೆ ನೀರು ಇರಲೇಬೇಕು ಎಂದು ಅಗೆದಳು. ಮೇಷ್ಟ್ರಿಗೆ ಇದು ಯಾರೂ ಬಿಡಿಸಿ ಹೇಳದೆಯೇ ತಿಳಿಯಿತು. ಆಮೇಲೆ ಅವರು ಅತ್ತ ರೀತಿಯನ್ನು ಕಂಡವರು ಅದನ್ನು ಮತ್ತೆ ನೆನೆಯಲು ಇಷ್ಟಪಡುವುದಿಲ್ಲ.

ಆಸ್ಪತ್ರೆಯ ವರದಿಯನ್ನು ಓದಿದ್ದು ಹೆಂಡತಿ. ಜೀವ ಹೋದದ್ದು ಹತ್ತೂವರೆ ಹನ್ನೊಂದರ ನಡುವೆ ಎಂದಿತ್ತು. ಒರತೆಯ ಕಥೆ ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. ಕಾಗದವನ್ನು ನಾಲ್ಕಾಗಿ ಮಡಿಸಿ, ಒಂದೇ ಒಂದು ಮಾತು ಕೇಳಿದರು.

"ಬೆಟ್ಟದ ಹತ್ರ ಹೋದ ತಕ್ಷಣ ಹೇಳಿದ್ರಿ ತಾನೇ?"

"ಹೋದ ತಕ್ಷಣ ಹೇಳ್ದೆ ಕಣೇ. ಅವರೇ ತಡ ಮಾಡಿದ್ರು," ಎಂದರು ಮೇಷ್ಟ್ರು.

ಆಕೆ ನಂಬಿದರು. ಸುಳ್ಳು ಗುರುತು ಹಾಕಿದ್ದನ್ನು ಹೇಗೋ ನುಂಗಿಕೊಂಡು, ಅವರಿಗೆ ಹೊತ್ತು ಹೊತ್ತಿಗೆ ಊಟ ಬಡಿಸಿದರು, ಮಾತ್ರೆ ಕೊಟ್ಟರು. ಮೇಷ್ಟ್ರಿಗೆ ಲೋಕದಲ್ಲಿ ಉಳಿದಿದ್ದದ್ದು ಆ ಬಡಿಸುವ ಕೈ ಒಂದೇ. ಅದೂ ಹೋದೀತು ಎಂಬ ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡೇ ಇದ್ದರು.

ಮೂರನೆಯ ಭಾನುವಾರ ಬಳಗದವರು ಸಂತಾಪಸಭೆ ಇಟ್ಟರು. ಮೇಷ್ಟ್ರು ಬೇಡವೆಂದರು. ಮಗಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುತ್ತಾರೆ, ಕೇಳಿಕೊಂಡು ಬರೋಣ ಎಂದು ಹೆಂಡತಿಯೇ ಎಬ್ಬಿಸಿ ಕರೆದುಕೊಂಡು ಬಂದರು. ಪ್ರೆಸ್ಸಿಗೆ ರಜೆ, ಕೋಣೆ ನಿಶ್ಶಬ್ದವಾಗಿತ್ತು. ಮಗಳ ಬಗ್ಗೆ ಎರಡು ಮಾತು ಆಡಿದ ಮೇಲೆ ಬಳಗದ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

"ಇನ್ನೊಂದು ಮಾತು ಹೇಳ್ಲೇಬೇಕು. ಅವತ್ತು ನಮ್ಮ ಮೇಷ್ಟ್ರು ಬೆಳಿಗ್ಗೆ ಆರರಿಂದ ಹತ್ತರವರೆಗೂ ತುಟಿ ಬಿಚ್ಚಲಿಲ್ಲ. ಹೊಟ್ಟೇಲಿ ಹುಟ್ಟಿದ ಮಗಳು ಮೇಲಿದ್ದಾಳೆ, ಆದ್ರೂ ನಾಲ್ಕು ಗಂಟೆ ಕಾಲ ಆಣೆ ಉಳಿಸ್ಕೊಂಡ್ರು. ನಮ್ಮಲ್ಲಿ ಯಾರಿಗಿದೆ ಅಂಥಾ ನಿಷ್ಠೆ?"

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಅವರ ಕಣ್ಣುಗಳಲ್ಲಿದ್ದದ್ದು ನಿಜವಾದ ಗೌರವ. ಕುಹಕವಾಗಿದ್ದರೆ ಮೇಷ್ಟ್ರು ಹೇಗೋ ತಡೆದುಕೊಳ್ಳುತ್ತಿದ್ದರು.

ಹೆಂಡತಿ ಮೇಷ್ಟ್ರ ಕಡೆ ತಿರುಗಲಿಲ್ಲ. ನೋವು ಯಾವಾಗ ಶುರುವಾಯಿತು ಎಂದು ವಾರ್ಡಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು.

"ಟೆಂಟಿಂದ ಆ ಕಣಿವೆಗೆ ಎಷ್ಟು ಹೊತ್ತಿನ ದಾರಿ?"

ಬೆಟ್ಟದ ದೂರಗಳೆಲ್ಲ ತನಗೆ ಬಾಯಿಪಾಠವೆಂದು ಹೇಳಿಕೊಳ್ಳುತ್ತಿದ್ದ ಔಷಧಿ ಅಂಗಡಿಯವನಿಗೆ ಸುಮ್ಮನಿರಲು ಆಗಲಿಲ್ಲ.

"ಮೂರು ಗಂಟೆ, ಅಕ್ಕಾ."

ಆಕೆ ಆರು ಗಂಟೆಯಿಂದ ಮುಂದಕ್ಕೆ ಬೆರಳು ಮಡಿಸಿ ಲೆಕ್ಕ ಹಾಕಿದರು. ಏಳು, ಎಂಟು, ಒಂಬತ್ತು. ಮೂರನೆಯ ಬೆರಳನ್ನು ಮಡಿಸಿ ಹಾಗೇ ಹಿಡಿದುಕೊಂಡರು.

"ಒಂಬತ್ತು ಗಂಟೆಗೆ ಅವಳು ಇದ್ಲು ರೀ," ಎಂದರು.