ಪೆಟ್ಟಿಗೆಯ ಮೇಲಿನ ಕಾವಲು

ಗಿಳಿ ಎಂದರೆ ನಿಮಗೆ ಪಂಜರವೂ ಹಸಿಮೆಣಸಿನಕಾಯಿಯೂ ನೆನಪಾಗಬಹುದು. ನಾನು ಆ ಪೈಕಿ ಅಲ್ಲ. ನಾನು ಕಿಯಾ ಎಂಬ ಜಾತಿಯ ಬೆಟ್ಟದ ಗಿಳಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹಿಮ ಬೀಳುವ ಬೆಟ್ಟದಲ್ಲಿ, ಬಂಡೆಯ ಕೆಳಗಿನ ಬಿಲವೊಂದರಲ್ಲಿ ಮೊಟ್ಟೆಯೊಡೆದು ಬಂದೆ. ಹೌದು, ನಾವು ಗೂಡು ಮಾಡುವುದು ನೆಲದಲ್ಲೇ. ನಮ್ಮ ಹಿರಿಯರ ಕಾಲದಲ್ಲಿ ಅಲ್ಲಿ ಹೆದರುವಂಥದ್ದು ಏನೂ ಇರಲಿಲ್ಲವಂತೆ.

ಬೆಟ್ಟದಲ್ಲಿ ಮೇವು ಕಡಿಮೆ, ಚಳಿ ಹೆಚ್ಚು. ಹಾಗಾಗಿ ಸಿಕ್ಕಿದ್ದನ್ನೆಲ್ಲ ಕೆದಕಿ, ಕಚ್ಚಿ, ತಿರುಗಿಸಿ ನೋಡುವುದು ನಮ್ಮ ಚಾಳಿ. ಬೇರು, ಹುಳು, ಸತ್ತ ಕುರಿಯ ಕೊಬ್ಬು, ಪ್ರವಾಸಿಗರ ಕಾರಿನ ರಬ್ಬರು, ನಾನು ಯಾವುದನ್ನೂ ಬಿಟ್ಟವಳಲ್ಲ. ಒಬ್ಬರು ಕಲಿತದ್ದನ್ನು ಉಳಿದವರು ನೋಡಿಯೇ ಕಲಿಯುತ್ತೇವೆ. ಇದನ್ನು ಜನ ಜಾಣತನ ಅನ್ನುತ್ತಾರೆ. ಈಗ ಆ ಮಾತು ಕೇಳಿದರೆ ನನಗೆ ಸುಸ್ತಾಗುತ್ತದೆ.

ನನಗೆ ಮೂರು ವರ್ಷವಾದಾಗ ಹೇಝಲ್ ಎಂಬ ನರೆಗೂದಲಿನ ಹೆಂಗಸು ಗುರುತಿಗೆಂದು ನನ್ನ ಕಾಲಿಗೆ ಬಳೆ ತೊಡಿಸಿದಳು. ಅವಳೂ ಅವಳ ಜೊತೆಗಾರ ಟಾಮಾನೂ ಹದಿನೈದು ದಿನಕ್ಕೊಮ್ಮೆ ಬೆಟ್ಟ ಹತ್ತಿ, ಹಾದಿಯುದ್ದಕ್ಕೂ ಇಟ್ಟ ಮರದ ಪೆಟ್ಟಿಗೆಗಳನ್ನು ನೋಡಿಕೊಂಡು ಹೋಗುತ್ತಿದ್ದರು. ಒಳಗೊಂದು ಕೋಳಿಮೊಟ್ಟೆ, ಅದರ ಮುಂದೆ ಮುಟ್ಟಿದರೆ ಕಚ್ಚಿಕೊಳ್ಳುವ ಕಬ್ಬಿಣದ ಬೋನು. ಪೆಟ್ಟಿಗೆಯ ಕಿಂಡಿಯಲ್ಲಿ ನನ್ನ ಮೈ ಹಿಡಿಸದು. ಒಂದು ದಿನ ಕಡ್ಡಿ ತಂದು ತೂರಿಸಿ ಆಡಿಸಿದೆ. ಠಪ್! ಆಹಾ, ಎಂಥ ಸದ್ದು! ವಾರದೊಳಗೆ ಕಣಿವೆಯ ಹರೆಯದ ಗಿಳಿಗಳೆಲ್ಲ ಕಡ್ಡಿ ಹಿಡಿದು ನನ್ನ ಹಿಂದೆ ಬಂದವು.

ಹೇಝಲ್ ಕ್ಯಾಮೆರಾ ಕಟ್ಟಿ ನನ್ನನ್ನು ಕಂಡುಹಿಡಿದಳು. ಟಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಕಳ್ಳಿ ನೋಡು! ನಮಗಿಂತ ಚುರುಕು.”

“ನಗಬೇಡ ಟಾಮಾ,” ಎಂದಳು ಹೇಝಲ್. “ಬೋನು ಮುಚ್ಚಿಕೊಂಡ್ರೆ ಸ್ಟೋಟ್ ಸಲೀಸಾಗಿ ದಾಟಿ ಹೋಗುತ್ತೆ. ಇವಳ ಗೂಡು ಕಾಯೋಕೇ ಅಲ್ವಾ ನಾವು ಇಷ್ಟು ದೂರ ಹತ್ತಿ ಬರೋದು?”

ಸ್ಟೋಟ್ ಅಂದರೆ ಬಿಲಕ್ಕೆ ನುಗ್ಗಿ ಮೊಟ್ಟೆ, ಮರಿ ತಿನ್ನುವ ಮುಂಗುಸಿಯಂಥ ತೆಳ್ಳನೆಯ ಪ್ರಾಣಿ. ಹಿಂದೊಮ್ಮೆ ಮನುಷ್ಯರೇ ಹಡಗಿನಲ್ಲಿ ತಂದು ಬಿಟ್ಟದ್ದು. ನಾನು ಅದನ್ನು ಕಂಡೇ ಇರಲಿಲ್ಲ, ಇನ್ನು ಭಯ ಎಲ್ಲಿಯದು? ಅವರು ಬೋನು ಹೂಡಿ ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಠಪ್ ಅನ್ನಿಸಿದೆ.

ಆ ವರ್ಷ ನನ್ನ ಬಿಲದಲ್ಲಿ ನಾಲ್ಕು ಮರಿಗಳಿದ್ದವು. ಒಂದು ಮಧ್ಯಾಹ್ನ ಮೇವು ಹುಡುಕಿ ಹಿಂದಿರುಗಿದಾಗ ಬಿಲದ ಬಾಯಲ್ಲಿ ಬರೀ ಪುಕ್ಕ. ಬಂಡೆಯ ಬಿರುಕಿನಲ್ಲಿ ಹುದುಗಿದ್ದ ಒಬ್ಬಳು ಮಾತ್ರ ಉಳಿದಿದ್ದಳು. ಹತ್ತಿರದ ಪೆಟ್ಟಿಗೆಗೆ ಹೋಗಿ ಇಣುಕಿದೆ. ಬೋನು ಮುಚ್ಚಿತ್ತು, ಅದರ ಬಾಯಲ್ಲಿ ನನ್ನದೇ ಕಡ್ಡಿ ಸಿಕ್ಕಿಕೊಂಡಿತ್ತು. ನನ್ನ ಮೂರು ಮಕ್ಕಳನ್ನು ನಾನೇ ಕೊಂದೆ. ಇದನ್ನು ಬೇರೆ ಹೇಗೆ ಹೇಳಲಿ?

ಅದಾಗಿ ಹದಿನಾಲ್ಕು ವರ್ಷ. ಕಣ್ಣ ಸುತ್ತಲಿನ ಹಳದಿ ಎಂದೋ ಕಪ್ಪಾಗಿದೆ, ರೆಕ್ಕೆಯಡಿಯ ಕೇಸರಿ ಮಾಸಿದೆ. ಉಳಿದ ಆ ಮಗಳು ಈಗ ಅದೇ ಬಿಲದಲ್ಲಿ ಎರಡು ಮರಿ ಮಾಡಿದ್ದಾಳೆ. ಕಡ್ಡಿಯಾಟವೂ ಕಣಿವೆ ಬಿಟ್ಟು ಹೋಗಿಲ್ಲ. ಕಲಿಸಲು ಒಂದು ವಾರ ಸಾಕಾಗಿತ್ತು, ಬಿಡಿಸಲು ಇಷ್ಟು ವರ್ಷ ಸಾಲಲಿಲ್ಲ. ಅದಕ್ಕೇ ಬಿಲದ ಹತ್ತಿರದ ಪೆಟ್ಟಿಗೆಯ ಮೇಲೆ ಬೆಳಗಿನಿಂದ ಕೂತಿರುತ್ತೇನೆ. ಕಡ್ಡಿ ತಂದವರನ್ನು ಕುಕ್ಕಿ ಓಡಿಸುತ್ತೇನೆ. ಅಜ್ಜಿ ಯಾವುದೋ ಹೊಸ ಆಟ ಕಂಡುಹಿಡಿದಿದ್ದಾಳೆಂದು ಅವು ಖುಷಿಯಿಂದ ಮತ್ತೆ ಬರುತ್ತವೆ.

ಇವತ್ತು ಹೇಝಲ್ ಕೋಲೂರಿಕೊಂಡು ಒಬ್ಬಳೇ ಬಂದಳು. ಟಾಮಾಗೆ ಈಗ ಮಂಡಿ ನೋವಂತೆ. ನನ್ನ ಕಾಲಿನ ಬಳೆ ನೋಡಿದವಳೇ ಸಿಡುಕಿದಳು.

“ಏ ಮುದುಕಿ, ಇನ್ನೂ ನಿನ್ನ ಕಳ್ಳಾಟ ಬಿಟ್ಟಿಲ್ವಾ? ನಿನ್ನ ಮಗಳ ಮರಿಗಳಿವೆ ಕಣೇ ಅಲ್ಲಿ! ಹೋಗು, ಹೋಗಾಚೆ!”

ಟೋಪಿ ಬೀಸಿ ಓಡಿಸಿದಳು. ನಾನು ಹಾರಿ ಬಂಡೆಯ ಮೇಲೆ ಕೂತೆ. ನನ್ನ ಮೇಲೆ ಸಿಟ್ಟಾಗಲು ಅವಳಿಗೆ ಹಕ್ಕಿದೆ. ಬೋನು ಹೂಡಿ, ಮೊಟ್ಟೆ ಬದಲಿಸಿ, ಎರಡು ಸಲ ತಿರುಗಿ ನೋಡಿ ಅವಳು ಇಳಿದು ಹೋದಳು. ಟೋಪಿ ತಿರುವಿನಲ್ಲಿ ಮರೆಯಾಗುವವರೆಗೆ ಕಾದಿದ್ದು, ಮತ್ತೆ ಬಂದು ಪೆಟ್ಟಿಗೆಯ ಮೇಲೆ ಕೂತಿದ್ದೇನೆ.

ಅಗೋ, ಪೊದೆಯ ಸಂದಿಯಿಂದ ಒಬ್ಬ ಬರುತ್ತಿದ್ದಾನೆ. ಕೊಕ್ಕಿನಲ್ಲಿ ಕಡ್ಡಿ. ಉದ್ದ ಸರಿಯಾಗಿದೆ, ದಪ್ಪವೂ ಸರಿಯಾಗಿದೆ. ಹಾಳಾದವನು ಥೇಟ್ ನನ್ನಂತೆಯೇ ಆರಿಸಿ ತಂದಿದ್ದಾನೆ. ಏಳಬೇಕು.